ನೇಗಿಲು ಹತ್ತದ ಇಳಿಜಾರು

ನೇಪಿಯರ್ ದಾಟಿ ಹದಿನೆಂಟು ಕಿಲೋಮೀಟರ್,
ಗೋಧಿಯ ನಡುವೆ ಒಂದು ಗುಡ್ಡದ ಬೆನ್ನು.
ನೇಗಿಲು ಹತ್ತಲಾರದಷ್ಟು ಕಡಿದು, ಹಾಗಾಗಿ ಉಳಿದದ್ದು.
ರೆನೋಸ್ಟರ್‌ಫೆಲ್ಟ್ ಅನ್ನುತ್ತೇವೆ: ಖಡ್ಗಮೃಗದ ಬಯಲು.
ಖಡ್ಗಮೃಗವನ್ನು ನಮ್ಮಜ್ಜನ ಅಜ್ಜನೂ ಕಂಡದ್ದಿಲ್ಲ.
ಬೂದು ಪೊದೆ, ಕುರಿಯೂ ಮೂಸಿ ಬಿಡುವಂಥದು.
ಅಪ್ಪ ಅದಕ್ಕಿಟ್ಟ ಹೆಸರು ದಂಡದ ನೆಲ.

ಅಪ್ಪ ಹೋದ ಮೇಲೆ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು,
ಜತೆಗೆ ಆ ದಂಡದ ನೆಲವೂ.
ಒಂದು ಆಗಸ್ಟ್‌ನಲ್ಲಿ ಬೇಲಿ ಬಿಗಿಯಲು ಹೋದಾಗ
ಬೂಟಿನ ಪಕ್ಕ ಒಂದು ಹೂವು, ಉಗುರಿನಷ್ಟು, ಹಳದಿ.
ಹೆಸರು ಗೊತ್ತಿರಲಿಲ್ಲ. ನಲವತ್ತೊಂದು ವರ್ಷ ಇಲ್ಲೇ ಇದ್ದೆ.
ನಾಚಿಕೆಯಾಯಿತು. ಶುರುವಾದದ್ದು ಅಷ್ಟರಿಂದಲೇ.

ಸಹಕಾರ ಸಂಘದ ಅಂಗಡಿಯ ಹುಡುಗ
ಕಳೆನಾಶಕಗಳ ಪಟ್ಟಿ ಕೊಟ್ಟ.
ಸರ್ಕಾರಿ ಕಚೇರಿಯ ಫಾರಂ ಕೇಳಿತು:
ಹೆಕ್ಟೇರಿಗೆ ಇಳುವರಿ ಎಷ್ಟು?
ನರ್ಸರಿಯವನು ಫೋನಿನಲ್ಲೇ ಸಸಿಯ ದರ ಹೇಳಿ
ಇನ್ನೂರು ದಾಟಿದರೆ ಸಾಗಾಣಿಕೆ ಪುಕ್ಕಟೆ, ಎಂದ.

ಕೊನೆಗೆ ಬಂದವಳು ಝಿಮ್‌ಖಿತಾ.
ಧೂಳು ಮೆತ್ತಿದ ಸಣ್ಣ ಕಾರು, ಹಿಂದೆ ಮಗುವಿನ ಸೀಟು.
ಕಾಫಿ ಕಾಯಿಸಿಟ್ಟಿದ್ದೆ; ಆಕೆ ನೇರ ಗುಡ್ಡಕ್ಕೆ ನಡೆದಳು,
ಮಂಡಿಯೂರಿ, ಕನ್ನಡಕ ಹಣೆಗೇರಿಸಿ,
ಒಂದು ಮೀಟರಿನ ಚೌಕಟ್ಟು ನೆಲಕ್ಕಿಟ್ಟು
ಎಣಿಸಿದಳು, ಎಣಿಸಿದಳು. ಮೂವತ್ತೊಂದು ಬಗೆ.
ನನಗೆ ಕಂಡದ್ದು ಮೂರು.

'ಯಾವ ಸಸಿ ನೆಡಲಿ?' ಪೆನ್ನು ಹಿಡಿದು ಕೇಳಿದೆ.
'ಏನೂ ನೆಡಬೇಡಿ.
ಚಳಿ ಹುಟ್ಟಿ ಬೇಸಿಗೆ ಬರುವತನಕ ಕುರಿ ಹತ್ತದಿರಲಿ.
ಗೋಧಿಗೆ ಹೊಡೆದ ಔಷಧಿ ಗಾಳಿಯಲ್ಲಿ ಇತ್ತ ತೇಲದಿರಲಿ.
ಆಮೇಲೆ, ಒಂದು ಮಾರ್ಚ್‌ನಲ್ಲಿ, ಬೆಂಕಿ.
ಗಡ್ಡೆಗಳೆಲ್ಲ ಕೆಳಗೆ ನಿದ್ದೆಯಲ್ಲಿವೆ.'

ಪೆನ್ನಿಗೆ ಮುಚ್ಚಳ ಹಾಕಿದೆ.
ಸುಮ್ಮನಿರುವುದನ್ನು ಕಲಿಯಲೂ ತಜ್ಞರು ಬೇಕೆ?
ಬೇಕು. ನಮ್ಮ ಮನೆತನದಲ್ಲಿ ಯಾರೂ ಸುಮ್ಮನಿದ್ದವರಲ್ಲ.

ಹೊರಡುವಾಗ, ಕಾರಿನ ಬಾಗಿಲು ಹಿಡಿದು:
'ಇದು ಹಿಂದೆ ಸುಟ್ಟದ್ದು ಯಾವಾಗ? ಗಾಳಿ ಯಾವ ಕಡೆಯದು?
ಮಳೆ ಬಿದ್ದಾಗ ಮೊದಲು ಎದ್ದ ಹೂವು ಯಾವುದು?
ಪುಸ್ತಕಗಳಲ್ಲಿ ಅದಿಲ್ಲ. ಇಲ್ಲಿ ಕುರಿ ಕಾಯ್ದವರು ಯಾರು?'

ಹೆಸರು ನಾಲಿಗೆಯ ಮೇಲೇ ಇತ್ತು.
ಫ್ಲೋರ್ಸ್ ಅಪೊಲ್ಲಿಸ್.
ತೊಂಬತ್ತೇಳರ ಜೂನ್, ಮಳೆ, ಅಪ್ಪನ ಟ್ರೇಲರಿನ ಮೇಲೆ
ಅವನ ಮಂಚ, ಒಲೆ, ಎರಡು ಕೋಳಿ, ಹೆಂಡತಿ.
ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದ್ದೆ,
ಬ್ರೆಡ್ಡಿಗೆ ಜಾಮ್ ಸವರುತ್ತ.
ಹಿತ್ತಲ ಗಿಡ ಮದ್ದಲ್ಲ ಅಂದುಕೊಂಡಿದ್ದರೆ ಸಾಕಿತ್ತು;
ನಾವು ಕಿತ್ತು ಊರಾಚೆ ಎಸೆದಿದ್ದೆವು.

ಬ್ರೆಡಾಸ್‌ಡಾರ್ಪಿನಲ್ಲಿ ಸಾಲುಮನೆ. ಬಾಗಿಲು ಅರ್ಧ ತೆರೆಯಿತು.
ಒಂದು ಕಣ್ಣಿಗೆ ಪೊರೆ.
ಕ್ಷಮೆಯ ಮಾತು ದಾರಿಯುದ್ದ ಕಟ್ಟಿಕೊಂಡು ಹೋಗಿದ್ದೆ,
ಬಾಯಲ್ಲೇ ಗಂಟಾಯಿತು.
'ಅಪೊಲ್ಲಿಸ್ ಅವರೇ' ಎಂದೆ.
ಆ ಬಹುವಚನ ಹೊಸ ಚಪ್ಪಲಿಯಂತೆ ಕಚ್ಚಿತು.
ಗುಡ್ಡದ ಬಗ್ಗೆ ಕೇಳಿದೆ.
ತುಂಬ ಹೊತ್ತು ನನ್ನ ಬೂಟು ನೋಡಿದರು.
'ಓದಿದ ಆ ಹುಡುಗಿಗೆ ದಿನಕ್ಕೆ ಎಷ್ಟು ಕೊಟ್ಟಿರಿ?'
ಹೇಳಿದೆ.
'ನನಗೂ ಅಷ್ಟೇ. ಜೊತೆಗೆ ಹೋಗಿಬರುವ ಪೆಟ್ರೋಲು.'

ಮಾರ್ಚ್. ಅಗ್ನಿಶಾಮಕದವರು ಟ್ರಕ್ಕಿನ ನೆರಳಲ್ಲಿ ಆಕಳಿಸುತ್ತಾರೆ.
ಪ್ಲಾಸ್ಟಿಕ್ ಕುರ್ಚಿಯಿಂದ ಬಗ್ಗಿ, ಒಂದು ಚಿಟಿಕೆ ಮಣ್ಣು ತೂರಿ,
'ಇವತ್ತು ಬೇಡ' ಅನ್ನುತ್ತಾರೆ ಅಪೊಲ್ಲಿಸ್.
ಮರುದಿನವೂ ಬೇಡ. ಅದರ ಮರುದಿನವೂ.
ನಾಲ್ಕನೆಯ ಬೆಳಿಗ್ಗೆ ಮಣ್ಣು ತೂರಲಿಲ್ಲ,
ಕೆನ್ನೆ ಮಾತ್ರ ಓರೆ ಮಾಡಿ, 'ಈಗ.'

ಮಧ್ಯಾಹ್ನಕ್ಕೆ ಗುಡ್ಡ ಕಪ್ಪು.
ಊರುಗೋಲಿನಿಂದ ಬೂದಿ ಕೆದಕಿ ತೋರಿಸಿದರು:
'ಮೊದಲು ಇಲ್ಲಿ. ಆಮೇಲೆ ಆ ಬಂಡೆಯ ಬಳಿ.'
ಅವರು ಹೇಳಿದ ಹೂವಿನ ಹೆಸರನ್ನು ಝಿಮ್‌ಖಿತಾ
ಎರಡು ಸಲ ಹೇಳಿಸಿ, ಕೇಳಿದಂತೆಯೇ ಬರೆದುಕೊಂಡಳು.

ಕಾಫಿಗೆ ಒಳಗೆ ಬನ್ನಿ, ಎಂದೆ.
'ಹೊರಗೇ ಆಗಲಿ.'
ಹೊರಗೇ ತಂದುಕೊಟ್ಟೆ.